ದೂರದ ಬಳಗ ಒಂದೇ ಪಂಕ್ತಿಯಲ್ಲಿ

ಹೊಸ ಒಡಂಬಡಿಕೆಯ 27 ಗ್ರಂಥಗಳಲ್ಲಿ ಅತ್ಯಂತ ಚಿಕ್ಕವು ಸಂತ ಯೊವಾನ್ನರ ಎರಡನೆಯ ಮತ್ತು ಮೂರನೆಯ ಪತ್ರಗಳು. ಎರಡನೆಯ ಪತ್ರದಲ್ಲಿರುವುದು ಕೇವಲ 13 ವಚನಗಳು. ಪತ್ರಗಳು ಇಷ್ಟು ಚಿಕ್ಕವಾದುದಕ್ಕೆ ಕಾರಣವೂ ಅವುಗಳ ಕೊನೆಯಲ್ಲಿಯೇ ಇದೆ. ಹೇಳಬೇಕಾದುದು ಬಹಳವಿದ್ದರೂ ಅದನ್ನೆಲ್ಲ ಮಸಿಗೆ ಒಪ್ಪಿಸುವ ಮನಸ್ಸು ಬರೆದವರಿಗಿಲ್ಲ. ತಾವೇ ಬಂದು ಎದುರೆದುರು ಕುಳಿತು ಮಾತನಾಡಬೇಕೆಂಬುದು ಅವರ ಹಂಬಲ. ಸಂತ ಪೌಲರದೂ ಇದೇ ಹಂಬಲ. ಥೆಸಲೋನಿಕದ ವಿಶ್ವಾಸಿಗಳಿಂದ ತಾವು ದೂರವಾದುದು ದೇಹದಿಂದಲೇ ವಿನಾ ಹೃದಯದಿಂದಲ್ಲವೆಂದು ಅವರು ಹೇಳಿಕೊಂಡರು. ಆದರೆ ಹೃದಯ ಹತ್ತಿರವಿದೆಯೆಂದು ಅವರು ತೃಪ್ತರಾಗಿ ಸುಮ್ಮನಾಗಲಿಲ್ಲ. ಅವರ ಮುಖವನ್ನು ಮತ್ತೆ ಕಾಣುವ ಭಾಗ್ಯಕ್ಕಾಗಿ ಹಗಲಿರುಳು ಪ್ರಾರ್ಥಿಸಿದರು. ತಮಗೆ ಹೋಗಲಾಗದಿದ್ದಾಗ ತಿಮೊಥೇಯನನ್ನು ಕಳುಹಿಸಿದರು. ಕ್ರೈಸ್ತ ಧರ್ಮದ ಅತಿ ಶ್ರೇಷ್ಠ ಪತ್ರಗಳನ್ನು ಬರೆದವರೇ, ಪತ್ರವು ಭೇಟಿಯ ಸ್ಥಾನವನ್ನು ತುಂಬಲಾರದೆಂದು ಬಲ್ಲವರಾಗಿದ್ದರು.

ಈ ಮಾತನ್ನು ಇಂದು ನಾವು ಮತ್ತೆ ಮನನ ಮಾಡಬೇಕಾಗಿದೆ. ಅಂದಿನ ಪತ್ರ ತಲಪಲು ತಿಂಗಳುಗಳು ಬೇಕಾಗುತ್ತಿದ್ದವು. ಇಂದಿನ ಸಂದೇಶಕ್ಕೆ ಒಂದು ಕ್ಷಣ ಸಾಕು. ಸಂದೇಶ ಇಷ್ಟು ಸುಲಭವಾದುದರಿಂದಲೇ ಭೇಟಿಯು ಅನಾವಶ್ಯಕವೆಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಸದ್ದಿಲ್ಲದೆ ಬೇರೂರುತ್ತಿದೆ.

ಚದುರಿದ ಬಳಗದ ಹೊಸ ಜಗಲಿ

ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಅಗಲಿಕೆ ಹೊಸದೇನೂ ಅಲ್ಲ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದ ಪೂರ್ವಜರಲ್ಲಿ ಬದುಕುಳಿದವರು 1799ರ ಬಳಿಕ ಹಿಂದಿರುಗಿ, ಅಳಿದುಳಿದ ಬಂಧುಗಳನ್ನು ಹುಡುಕಿಕೊಂಡು, ಇಗರ್ಜಿಗಳ ಸುತ್ತ ಮತ್ತೆ ಮನೆ ಕಟ್ಟಿದರು. ಅಂದರೆ ನಮ್ಮ ಸಮುದಾಯದ ಬಾಳ್ವೆ ಮರಳಿ ಆರಂಭವಾದುದೇ ಒಂದು ಪುನರ್ಮಿಲನದಿಂದ. ಇಪ್ಪತ್ತನೆಯ ಶತಮಾನದಲ್ಲಿ ಹೊಟ್ಟೆಪಾಡು ನಮ್ಮವರನ್ನು ಮೊದಲು ಮುಂಬಯಿಗೆ, ಅನಂತರ ಕೊಲ್ಲಿ ರಾಷ್ಟ್ರಗಳಿಗೆ ಕರೆದೊಯ್ದಿತು. ಈಗ ಕೆನಡಾ, ಆಸ್ಟ್ರೇಲಿಯಾಗಳಿಗೂ ಕರೆದೊಯ್ಯುತ್ತಿದೆ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ ಪತ್ರವನ್ನು ಹೊತ್ತು ಅಂಚೆಯಾತ ಗದ್ದೆಯ ಬದುವಿನಲ್ಲಿ ಬರುವುದನ್ನು ಕಾಯುತ್ತಿದ್ದ ತಾಯಂದಿರ ನೆನಪು ನಮ್ಮಲ್ಲಿ ಅನೇಕರಿಗೆ ಇನ್ನೂ ಹಸಿರಾಗಿದೆ. ಒಂದೇ ಪತ್ರವನ್ನು ಮನೆಯವರೆಲ್ಲ ಕುಳಿತು ಕೇಳುತ್ತಿದ್ದರು. ಅನಂತರ ಅದು ಮಡಿಕೆಗಳಲ್ಲಿ ಹರಿಯುವ ತನಕ ಅಲ್ತಾರಿನ ಬಳಿ ಉಳಿಯುತ್ತಿತ್ತು.

1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣಗೊಂಡು ಮುಂಬಯಿಯು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಅದರ ಬೆನ್ನಿಗೇ ಮೊಬೈಲ್ ಬಂದಿತು. ಇಂದು ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ 1024 ಮಂದಿಯ ತನಕ ಸೇರಬಹುದು. ಒಂದೇ ಮೂಲಮನೆಯವರು, ಒಂದೇ ಧರ್ಮಕೇಂದ್ರದಲ್ಲಿ ಹುಟ್ಟಿ ಬೆಳೆದವರು, ಒಂದೇ ಶಾಲೆಯಲ್ಲಿ ಕಲಿತವರು ಇಂತಹ ಗುಂಪುಗಳನ್ನು ಕಟ್ಟಿಕೊಂಡಿದ್ದಾರೆ. ಹಳೆಯ ಮನೆಯ ಜಗಲಿಯಲ್ಲಿ ಸಂಜೆ ನಡೆಯುತ್ತಿದ್ದ ಮಾತುಕತೆ ಈಗ ಅಲ್ಲಿಗೆ ಸ್ಥಳಾಂತರಗೊಂಡಿದೆ.

ಇದನ್ನು ಹೀಗಳೆಯುವುದು ಸರಿಯಲ್ಲ. ಯಾರಿಗೋ ತುರ್ತಾಗಿ ರಕ್ತ ಬೇಕಾದಾಗ ಅರ್ಧ ಗಂಟೆಯಲ್ಲಿ ನಾಲ್ವರು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವುದು, ತಂದೆಯನ್ನು ಕಳೆದುಕೊಂಡ ಬಾಲಕಿಯ ಶಾಲಾಶುಲ್ಕ ಒಂದೇ ದಿನದಲ್ಲಿ ಕೂಡಿಬರುವುದು, ಮೂರು ತಲೆಮಾರುಗಳಿಂದ ಸಂಪರ್ಕ ಕಡಿದುಹೋಗಿದ್ದ ಶಾಖೆಯೊಂದು ಮತ್ತೆ ಪತ್ತೆಯಾಗುವುದು ಇವೆಲ್ಲ ಈ ಗುಂಪುಗಳಿಂದಲೇ ಸಾಧ್ಯವಾಗಿವೆ. ಪ್ರಶ್ನೆ ಇರುವುದು ಗುಂಪಿನ ಆಚೆಗೆ: ಇಷ್ಟು ಮಾತನಾಡಿಕೊಳ್ಳುವ ನಾವು ಒಬ್ಬರನ್ನೊಬ್ಬರು ಕಾಣುವುದು ಯಾವಾಗ?

ಉಪ್ಪಿನ ಋಣ

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಎಂಟನೆಯ ಮತ್ತು ಒಂಬತ್ತನೆಯ ಭಾಗಗಳನ್ನು ಪೂರ್ತಿಯಾಗಿ ಸ್ನೇಹದ ವಿಚಾರಕ್ಕೇ ಮೀಸಲಿರಿಸಿದ್ದಾನೆ. ಜೊತೆಯಾಗಿ ಸಾಕಷ್ಟು ಉಪ್ಪು ತಿನ್ನದೆ ಇಬ್ಬರು ಪರಸ್ಪರರನ್ನು ಅರಿಯಲಾರರೆಂಬ ಗಾದೆಯನ್ನು ಅವನು ಅಲ್ಲಿ ನೆನೆಯುತ್ತಾನೆ. ಉಪ್ಪಿನ ಋಣದ ಅರ್ಥ ಬಲ್ಲ ನಮಗೆ ಈ ಗಾದೆಗೆ ವ್ಯಾಖ್ಯಾನ ಬೇಕಾಗಿಲ್ಲ. ಅವನ ಇನ್ನೊಂದು ವಿಚಾರ ಮತ್ತಷ್ಟು ಸೂಕ್ಷ್ಮವಾದುದು. ದೂರವು ಸ್ನೇಹವನ್ನು ಕೂಡಲೇ ಕೊಲ್ಲುವುದಿಲ್ಲ. ಸ್ನೇಹದ ಕ್ರಿಯೆಯನ್ನು ಮಾತ್ರ ನಿಲ್ಲಿಸುತ್ತದೆ. ಆದರೆ ಅಗಲಿಕೆ ದೀರ್ಘವಾದರೆ ಸ್ನೇಹವೂ ಮರೆವಿಗೆ ಸಲ್ಲುತ್ತದೆ. ಉಳುಮೆ ನಿಂತ ಗದ್ದೆ ಮರುದಿನವೇ ಕಾಡಾಗುವುದಿಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಅದರ ಬದುಗಳನ್ನು ಗುರುತಿಸುವುದೇ ಕಷ್ಟವಾಗುತ್ತದೆ.

ಮರಣದ ಸುದ್ದಿ ಬಂದಾಗ ಕೈಜೋಡಿಸಿದ ಚಿತ್ರವೊಂದನ್ನು ಒತ್ತಿ ಕಳುಹಿಸಿ ನಾವು ಮುಂದಿನ ಕೆಲಸಕ್ಕೆ ತೊಡಗುತ್ತೇವೆ. ಕರ್ತವ್ಯ ಮುಗಿಯಿತೆಂಬ ಸಮಾಧಾನ ಮನಸ್ಸಿಗೆ ಬರುತ್ತದೆ. ವಿಧವೆಯಾದ ಚಿಕ್ಕಮ್ಮನ ಪಕ್ಕದಲ್ಲಿ ಮಾತಿಲ್ಲದೆ ಒಂದು ಗಂಟೆ ಕುಳಿತು ಬರುವ ಕಷ್ಟ ನಮಗೆ ತಪ್ಪುತ್ತದೆ. ಆಕೆಗೆ ಸಿಗಬೇಕಾಗಿದ್ದ ಸಾಂತ್ವನವೂ ತಪ್ಪುತ್ತದೆ. ಸಾನ್ನಿಧ್ಯವೆಂದರೆ ಕೇವಲ ಒಂದು ಸ್ಥಳದಲ್ಲಿರುವುದಲ್ಲವೆಂದೂ ಇನ್ನೊಬ್ಬರಿಗಾಗಿ ತನ್ನನ್ನು ತೆರೆದಿರಿಸುವುದೆಂದೂ ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗೇಬ್ರಿಯೆಲ್ ಮಾರ್ಸೆಲ್ (1889–1973) ವಿವರಿಸಿದ್ದಾರೆ. ಸಂದೇಶವನ್ನು ನಮಗೆ ಅನುಕೂಲವಾದ ಹೊತ್ತಿನಲ್ಲಿ ನೋಡಬಹುದು, ಬೇಡವಾದರೆ ಬದಿಗಿರಿಸಬಹುದು. ಎದುರಿಗೆ ಕುಳಿತ ಮುಖವನ್ನು ಹಾಗೆ ಬದಿಗಿರಿಸಲಾಗದು. ಭೇಟಿಯ ಕಷ್ಟವೂ ಅದರ ಕೃಪೆಯೂ ಅದರಲ್ಲಿಯೇ ಅಡಗಿವೆ.

ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ಗುರುಗಳೆಲ್ಲರೂ ಕಾಣುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಇಂದು ಅನೇಕ ಕುಟುಂಬಗಳು ಪೂರ್ತಿಯಾಗಿ ಒಂದೆಡೆ ಸೇರುವುದು ಶವಪೆಟ್ಟಿಗೆಯ ಸುತ್ತ ಮಾತ್ರ. ಸಮಾಧಿಯ ಮೇಲೆ ಹಿಡಿ ಮಣ್ಣು ಹಾಕಿ ಹೊರಬಂದ ಸೋದರ ಸಂಬಂಧಿಗಳು ಸ್ಮಶಾನದ ಗೇಟಿನ ಬಳಿ ನಿಂತು, ಇನ್ನು ಮುಂದೆ ಇಂತಹ ಸಂದರ್ಭಕ್ಕಾಗಿ ಕಾಯದೆ ಸೇರೋಣವೆಂದು ಪರಸ್ಪರ ಹೇಳಿಕೊಳ್ಳುತ್ತಾರೆ. ಮುಂದಿನ ಸೇರುವಿಕೆ ಮತ್ತೊಂದು ಮರಣದಲ್ಲಿಯೇ ಆಗುತ್ತದೆ. ಈಗ ಅಂತ್ಯಕ್ರಿಯೆಯನ್ನೂ ಯೂಟ್ಯೂಬಿನಲ್ಲಿ ನೇರವಾಗಿ ನೋಡುವ ಅನುಕೂಲವಿರುವುದರಿಂದ ಆ ಭೇಟಿಯೂ ಕ್ಷೀಣಿಸುತ್ತಿದೆ. ಸಮ್ಮಿಲನವನ್ನು ನಾವು ಏರ್ಪಡಿಸದಿದ್ದರೆ ಮರಣವು ಅದನ್ನು ಏರ್ಪಡಿಸುತ್ತದೆ. ಆದರೆ ಯಾರಿಗಾಗಿ ಎಲ್ಲರೂ ಬಂದರೋ ಅವರೊಬ್ಬರೊಡನೆ ಮಾತ್ರ ಅಂದು ಮಾತನಾಡಲಾಗದು.

ಧರ್ಮಸಭೆಯ ಬೋಧನೆ

ಆಧುನಿಕ ಸಂಪರ್ಕ ಸಾಧನಗಳನ್ನು ಧರ್ಮಸಭೆಯು ದೇವರ ಕೊಡುಗೆಯೆಂದೇ ಸ್ವಾಗತಿಸಿದೆ. ಅವುಗಳ ಎಲ್ಲೆಯನ್ನೂ ಸ್ಪಷ್ಟಪಡಿಸಿದೆ. ಸಾಮಾಜಿಕ ಸಂಪರ್ಕಗಳ ಪೊಂಟಿಫಿಕಲ್ ಸಮಿತಿಯು 2002ರಲ್ಲಿ ಇಂಟರ್ನೆಟ್ ಕುರಿತು ಹೊರಡಿಸಿದ ದಸ್ತಾವೇಜಿನಲ್ಲಿ, ಇಂಟರ್ನೆಟ್ ಮೂಲಕ ಸಂಸ್ಕಾರಗಳನ್ನು ನೀಡಲಾಗದೆಂದು ತಿಳಿಸಿತು. ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ, ಶಿರದ ಮೇಲಿರಿಸಿದ ಹಸ್ತ ಇವುಗಳ ಮೂಲಕ ಕೃಪೆಯನ್ನು ಪಡೆಯುವ ನಮ್ಮ ವಿಶ್ವಾಸವು ಮೊದಲಿನಿಂದಲೂ ಮುಟ್ಟಬಲ್ಲ, ಸವಿಯಬಲ್ಲ ವಸ್ತುಗಳನ್ನು ಗೌರವಿಸಿದೆ.

ವಿಶ್ವಗುರು ಫ್ರಾನ್ಸಿಸರು 2019ರ ವಿಶ್ವ ಸಂಪರ್ಕ ದಿನದ ಸಂದೇಶಕ್ಕೆ ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು ಆಧಾರವಾಗಿರಿಸಿಕೊಂಡು, ನಾವೆಲ್ಲರೂ ಒಂದೇ ದೇಹದ ಅಂಗಗಳೆಂಬುದನ್ನು ನೆನಪಿಸಿದರು. ಸಂಪರ್ಕ ಜಾಲದ ಮೂಲಕ ಹತ್ತಿರವಾದ ಕುಟುಂಬವು ಅನಂತರ ಊಟದ ಮೇಜಿನ ಸುತ್ತ ಕುಳಿತು ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡುವುದಾದರೆ ಆ ಜಾಲ ಒಂದು ಸಂಪತ್ತೇ ಸರಿ; ಅದರ ಮೂಲಕ ಕೂಡಿಬಂದ ಸಮುದಾಯವು ಒಟ್ಟಾಗಿ ಬಲಿಪೂಜೆಯನ್ನು ಅರ್ಪಿಸುವುದಾದರೆ ಅದೂ ಸಂಪತ್ತೇ ಎಂಬುದು ಅವರ ವಿಚಾರದ ತಿರುಳು. ಮರುವರ್ಷವೇ ಕೊರೊನಾ ಸಾಂಕ್ರಾಮಿಕವು ದೇವಾಲಯಗಳ ಬಾಗಿಲು ಮುಚ್ಚಿಸಿದಾಗ ಇದೇ ವಿಶ್ವಗುರುಗಳು ತಮ್ಮ ದೈನಂದಿನ ಪೂಜೆಯನ್ನು ನೇರಪ್ರಸಾರದ ಮೂಲಕ ಜಗತ್ತಿಗೆ ತಲಪಿಸಿದರು. ಆದರೂ 2020ರ ಏಪ್ರಿಲ್ 17ರ ಪ್ರಬೋಧನೆಯಲ್ಲಿ, ಇದು ಸುರಂಗವನ್ನು ದಾಟುವ ತನಕದ ಏರ್ಪಾಡು ಮಾತ್ರವೆಂದೂ ಜನರಿಲ್ಲದ, ಸಂಸ್ಕಾರಗಳಿಲ್ಲದ ಧರ್ಮಸಭೆ ಧರ್ಮಸಭೆಯಾಗದೆಂದೂ ಎಚ್ಚರಿಸಿದರು.

2025ರ ಜೂಬಿಲಿ ವರ್ಷದಲ್ಲಿ ನಡೆದ ಒಂದು ಕಾರ್ಯಕ್ರಮವಂತೂ ಈ ಬೋಧನೆಯ ಪ್ರತ್ಯಕ್ಷ ರೂಪವಾಗಿತ್ತು. ಮೊಬೈಲ್ ಮತ್ತು ಕಂಪ್ಯೂಟರ್ ಪರದೆಯ ಮೂಲಕ ಶುಭಸಂದೇಶ ಸಾರುವವರೆಲ್ಲರನ್ನು ಜುಲೈ 28 ಮತ್ತು 29ರಂದು ರೋಮಿಗೆ ಕರೆಸಲಾಯಿತು. ಪರದೆಯ ಮೇಲೆ ಮಾತ್ರ ಪರಿಚಿತರಾಗಿದ್ದವರು ಒಟ್ಟಾಗಿ ಪವಿತ್ರ ದ್ವಾರವನ್ನು ಪ್ರವೇಶಿಸಿದರು. ಅವರನ್ನು ಸಂತ ಪೇತ್ರರ ಮಹಾದೇವಾಲಯದಲ್ಲಿ ಭೇಟಿಯಾದ ವಿಶ್ವಗುರು 14ನೆಯ ಲಿಯೊ, ಯೇಸುಸ್ವಾಮಿ ಮೊದಲ ಶಿಷ್ಯರನ್ನು ಕರೆದಾಗ ಅವರಲ್ಲಿ ಕೆಲವರು ಬಲೆಗಳನ್ನು ಸರಿಪಡಿಸುತ್ತಿದ್ದುದನ್ನು ನೆನಪಿಸಿ, ಪ್ರೀತಿಯ ಬಲೆಗಳನ್ನು ಹೆಣೆಯುವಂತೆ ಕೇಳಿಕೊಂಡರು. ಬಲೆ ಹೆಣೆಯುವವರ ಕಸುಬನ್ನು ಬಲ್ಲ ನಮ್ಮ ಕರಾವಳಿಗೆ ಈ ಉಪಮೆ ಚೆನ್ನಾಗಿ ಒಪ್ಪುತ್ತದೆ. ಹರಿದ ಬಲೆಯನ್ನು ದೂರದಿಂದ ಸರಿಪಡಿಸಲಾಗದು. ಅದನ್ನು ತೊಡೆಯ ಮೇಲೆ ಹರಡಿಕೊಂಡು ಗಂಟಿಗೆ ಗಂಟು ಹಾಕಬೇಕಾಗುತ್ತದೆ.

ಏರ್ಪಾಡು ಹೇಗಿರಬೇಕು?

ಸೇರಬೇಕೆಂಬ ಆಸೆ ಎಲ್ಲರಲ್ಲಿದ್ದರೂ ಹೊಣೆ ಯಾರದೂ ಆಗಿರುವುದಿಲ್ಲ. ಆದುದರಿಂದ ಮೊದಲು ಮೂವರನ್ನಾದರೂ ನೇಮಿಸಿಕೊಳ್ಳುವುದು ಲೇಸು: ಊರಿನಲ್ಲಿರುವವರೊಬ್ಬರು, ಪರವೂರಿನವರೊಬ್ಬರು ಮತ್ತು ಯುವ ತಲೆಮಾರಿನವರೊಬ್ಬರು. ಊರಿನಲ್ಲಿರುವವರಿಗೆ ಓಡಾಟದ ಕೆಲಸವನ್ನೆಲ್ಲ ವಹಿಸಿ, ಹೊರಗಿನವರು ಅತಿಥಿಗಳಂತೆ ಬಂದು ಹೋಗುವುದು ನ್ಯಾಯವಲ್ಲ.

ದಿನಾಂಕವೇ ಮೊದಲ ತೊಡಕು. ಮುಂಬಯಿಯವರಿಗೆ ಅನುಕೂಲವಾದುದು ಮೇ ತಿಂಗಳ ರಜೆ. ಕೊಲ್ಲಿಯಲ್ಲಿರುವವರ ಮಕ್ಕಳಿಗೆ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಅಂದರೆ ನಮ್ಮ ಜಡಿಮಳೆಯ ನಡುವೆ. ಕೆನಡಾ, ಅಮೆರಿಕಗಳಲ್ಲಿರುವವರು ಬರುವುದು ಸಾಮಾನ್ಯವಾಗಿ ಕ್ರಿಸ್ಮಸ್ಸಿಗೆ. ಎಲ್ಲರಿಗೂ ಒಪ್ಪುವ ದಿನವನ್ನು ಹುಡುಕುತ್ತ ಹೋದರೆ ಅದು ಎಂದಿಗೂ ಸಿಗದು. ಹೆಚ್ಚಿನವರಿಗೆ ಸಾಧ್ಯವಾಗುವ ಒಂದು ದಿನವನ್ನು ವರ್ಷಕ್ಕೆ ಮೊದಲೇ ನಿಶ್ಚಯಿಸಿ, ಮತ್ತೆ ಬದಲಿಸದಿರುವುದೇ ಜಾಣತನ. ವಿಮಾನದ ಟಿಕೇಟು ಕೊಳ್ಳುವವರಿಗೂ ರಜೆ ಬೇಡುವವರಿಗೂ ಆ ಅವಧಿ ಬೇಕು. ತಪಸ್ಸು ಕಾಲವನ್ನು ಬಿಟ್ಟು ಆರಿಸಿಕೊಂಡರೆ ಒಳಿತು. ಒಮ್ಮೆ ಮೇ ತಿಂಗಳಲ್ಲಿ ಸೇರಿದವರು ಮುಂದಿನ ಸಲ ಡಿಸೆಂಬರಿನಲ್ಲಿ ಸೇರುವುದಾದರೆ ಯಾರಿಗೂ ಅನ್ಯಾಯವಾಗದು.

ಸ್ಥಳದ ವಿಷಯದಲ್ಲಿ ದುಬಾರಿ ಹೋಟೆಲುಗಳಿಗಿಂತ ಮೂಲಮನೆಯ ಅಂಗಳ ಅಥವಾ ಧರ್ಮಕೇಂದ್ರದ ಸಭಾಂಗಣವೇ ಮೇಲು. ಪೂರ್ವಜರು ದೀಕ್ಷಾಸ್ನಾನ ಪಡೆದ ಇಗರ್ಜಿಯಲ್ಲಿ ಬಲಿಪೂಜೆ, ಬಳಿಕ ಸ್ಮಶಾನದಲ್ಲಿ ಅವರ ಸಮಾಧಿಗಳ ಬಳಿ ಪ್ರಾರ್ಥನೆ, ಅನಂತರ ಊಟ ಎಂಬ ಕ್ರಮ ಸಹಜವಾದುದು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತನ್ನ ಮುತ್ತಜ್ಜನ ಹೆಸರನ್ನು ಕಲ್ಲಿನ ಮೇಲೆ ಬೆರಳಾಡಿಸಿ ಓದುವ ಅವಕಾಶ ಬೇರೆಲ್ಲಿಯೂ ಸಿಗದು. ಧರ್ಮಕೇಂದ್ರದ ಗುರುಗಳಿಗೆ ಮುಂಚಿತವಾಗಿ ತಿಳಿಸಿದರೆ ಹಳೆಯ ದೀಕ್ಷಾಸ್ನಾನ ಮತ್ತು ವಿವಾಹದ ದಾಖಲೆಗಳಿಂದ ವಂಶವೃಕ್ಷಕ್ಕೆ ಬೇಕಾದ ಮಾಹಿತಿಯನ್ನೂ ಪಡೆಯಬಹುದು. ವಂಶವೃಕ್ಷವನ್ನು ಪೂರ್ತಿಗೊಳಿಸಿ ಮುದ್ರಿಸುವ ಬದಲು ಖಾಲಿ ಜಾಗಗಳನ್ನು ಬಿಟ್ಟು ಗೋಡೆಗೆ ತೂಗುಹಾಕಿರಿ. ಅದರ ಮುಂದೆ ನಿಂತು ಹಿರಿಯರು ನೆನಪಿನಿಂದ ಹೆಸರುಗಳನ್ನು ಹೇಳುವಾಗ ಕಿರಿಯರು ಬರೆದುಕೊಳ್ಳಲಿ. ವೇದಿಕೆಯ ಭಾಷಣ ಕಲಿಸಲಾರದುದನ್ನು ಆ ಅರ್ಧ ಗಂಟೆ ಕಲಿಸುತ್ತದೆ.

ಖರ್ಚಿನ ವಿಷಯ ನಾಜೂಕಿನದು. ದುಬಾಯಿಯಲ್ಲಿ ದುಡಿಯುವವನಿಗೂ ಊರಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಅತ್ತೆಗೂ ತಲೆಗೆ ಇಷ್ಟೆಂದು ಸಮಾನ ವಂತಿಗೆ ವಿಧಿಸುವುದು ಸಮಾನತೆಯಂತೆ ತೋರಿದರೂ ಸಮಾನತೆಯಲ್ಲ. ಪ್ರತಿ ಮನೆಯವರೂ ತಮಗೆ ಸಾಧ್ಯವಾದುದನ್ನು ಹೆಸರಿಲ್ಲದ ಮುಚ್ಚಿದ ಲಕೋಟೆಯಲ್ಲಿ ಹಾಕಲಿ; ಒಟ್ಟು ಲೆಕ್ಕವನ್ನು ಎಲ್ಲರ ಮುಂದಿಡಲಿ; ಯಾರು ಎಷ್ಟು ಕೊಟ್ಟರೆಂಬುದು ಯಾರಿಗೂ ತಿಳಿಯದಿರಲಿ. ದಾನಿಗಳ ಪಟ್ಟಿಯನ್ನು ಗುಂಪಿನಲ್ಲಿ ಪ್ರಕಟಿಸುವ ಅಭ್ಯಾಸದಿಂದ ಎಷ್ಟೋ ಮನೆಯವರು ಯಾವುದೋ ನೆಪ ಹೇಳಿ ದೂರ ಉಳಿಯುತ್ತಾರೆ. ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ತೃಪ್ತರಾಗಿ, ಇಲ್ಲದವರು ಹಸಿದು ನಾಚಿಕೆಗೀಡಾಗುತ್ತಿದ್ದುದನ್ನು ಕೇಳಿ ಸಂತ ಪೌಲರು ಖಾರವಾಗಿ ಬರೆದುದು ಇಂತಹ ಸಂದರ್ಭಕ್ಕೂ ಅನ್ವಯಿಸುತ್ತದೆ.

ಸನ್ಮಾನ, ಶಾಲು, ಸ್ವಾಗತ ಭಾಷಣಗಳಿಗೆ ಕಡಿಮೆ ಸಮಯ ಸಾಕು. ಮದ್ಯದ ವಿಷಯದಲ್ಲಿ ಹಿರಿಯರು ಮೊದಲೇ ಒಂದು ನಿರ್ಣಯಕ್ಕೆ ಬಂದರೆ ಹಳೆಯ ಜಗಳಗಳು ಮಧ್ಯಾಹ್ನದ ಬಳಿಕ ತಲೆಯೆತ್ತುವುದು ತಪ್ಪುತ್ತದೆ. ಕೊಂಕಣಿ ಬಾರದ ಮಕ್ಕಳನ್ನು ಇಂಗ್ಲಿಷ್ ಬಾರದ ಅಜ್ಜಿಯರ ಪಕ್ಕದಲ್ಲಿ ಕೂರಿಸಿರಿ. ಅವರ ನಡುವೆ ಭಾಷೆ ಹೇಗೋ ಹುಟ್ಟಿಕೊಳ್ಳುತ್ತದೆ.

ಪಂಕ್ತಿಯಲ್ಲಿ ಯಾರಿಲ್ಲ?

ಎಷ್ಟು ಮಂದಿ ಬಂದರೆಂದು ಎಣಿಸುವುದು ಸುಲಭ. ಯಾರು ಬರಲಿಲ್ಲವೆಂದು ಕೇಳುವುದೇ ಕ್ರೈಸ್ತರಿಗೆ ತಕ್ಕ ಎಣಿಕೆ. ತೊಂಬತ್ತೊಂಬತ್ತು ಕುರಿಗಳಿದ್ದರೂ ಇಲ್ಲದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿಯನ್ನು ನಾವೆಲ್ಲರೂ ಕೇಳಿದ್ದೇವೆ.

ಎಷ್ಟೋ ಕುಟುಂಬದ ಗುಂಪುಗಳಲ್ಲಿ ಎಪ್ಪತ್ತು ಎಂಬತ್ತು ಮಂದಿ ಇರುತ್ತಾರೆ. ಆದರೆ ಯಾರಿಂದ ಆ ಬಳಗ ಬೆಳೆಯಿತೋ ಆ ಹಿರಿಯಜ್ಜಿಯೇ ಅದರಲ್ಲಿರುವುದಿಲ್ಲ, ಏಕೆಂದರೆ ಆಕೆಯ ಕೈಯಲ್ಲಿ ಮೊಬೈಲ್ ಇಲ್ಲ. ದೊಡ್ಡ ಮನೆಯಲ್ಲಿ ಕೆಲಸದಾಕೆಯೊಬ್ಬಳ ಜೊತೆಗೆ ದಿನ ಕಳೆಯುವ ಆಕೆಗೆ ಗುಂಪಿನ ಸಡಗರ ತಲಪುವುದು ಇತರರು ತೋರಿಸಿದಾಗ ಮಾತ್ರ. ಸಮ್ಮಿಲನದ ದಿನವಾದರೂ ಅದು ಆಕೆಗೆ ನೇರವಾಗಿ ತಲಪಬೇಕು. ಹಾಸಿಗೆ ಹಿಡಿದವರು ಸಭಾಂಗಣಕ್ಕೆ ಬರಲಾರರು. ಊಟದ ಬಳಿಕ ನಾಲ್ಕೈದು ಮಂದಿಯ ಸಣ್ಣ ತಂಡಗಳು ಅವರ ಮನೆಗಳಿಗೆ ಹೋಗಿ ಬರಬಹುದು. ಎರಡನೆಯ ಶತಮಾನದ ಸಂತ ಜಸ್ಟಿನರು ಅಂದಿನ ಭಾನುವಾರದ ಆರಾಧನೆಯನ್ನು ವಿವರಿಸುತ್ತ, ಅಲ್ಲಿಗೆ ಬರಲಾಗದವರಿಗೆ ಸೇವಾದರ್ಶಿಗಳು ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದರೆಂದು ಬರೆದಿದ್ದಾರೆ. ಗೈರುಹಾಜರಾದವರಿಗೂ ಒಂದು ಪಾಲು ಇರಬೇಕೆಂಬುದು ನಮ್ಮ ಮೊದಲ ಸಮ್ಮಿಲನಗಳಲ್ಲಿಯೇ ಇದ್ದ ನಿಯಮ.

ಇನ್ನು ಕೆಲವರು ಹತ್ತಿರದಲ್ಲಿದ್ದೂ ಬಾರದವರು. ಆಸ್ತಿಯ ಪಾಲಿನಲ್ಲಿ ಮುನಿದು ಹತ್ತು ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಗುಂಪಿನಲ್ಲಿದ್ದು, ಒಬ್ಬರಿಗೊಬ್ಬರು ಉತ್ತರಿಸದೆ ಎಲ್ಲರಿಗೂ ಶುಭಾಶಯ ಕೋರುತ್ತಿರುವುದು ಅಪರೂಪವಲ್ಲ. ಗುಂಪಿನಲ್ಲಿ ಅವರ ಮೌನ ಯಾರ ಕಣ್ಣಿಗೂ ಬೀಳುವುದಿಲ್ಲ. ಪಂಕ್ತಿಯಲ್ಲಿ ಅವರ ಖಾಲಿ ಜಾಗ ಎದ್ದು ಕಾಣುತ್ತದೆ. ಸಂತ ಲೂಕರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಹಿರಿಯ ಮಗನು ಕೋಪದಿಂದ ಹಬ್ಬದ ಮನೆಯ ಹೊರಗೆ ನಿಂತಾಗ ತಂದೆ ಆಳಿನ ಮೂಲಕ ಹೇಳಿಕಳುಹಿಸಲಿಲ್ಲ. ಅತಿಥಿಗಳನ್ನು ಒಳಗೆ ಬಿಟ್ಟು ತಾನೇ ಹೊರಗೆ ಬಂದು ಬೇಡಿಕೊಂಡನು. ಮದುವೆಗೆ ಮನೆಮನೆಗೆ ಹೋಗಿ ಕರೆಯುವುದು ನಮ್ಮ ಹಿರಿಯರ ಸಂಪ್ರದಾಯ. ಮುನಿದವರ ಮನೆಗಾದರೂ ಸಂದೇಶದ ಬದಲು ಹಿರಿಯರಿಬ್ಬರು ನಡೆದುಹೋಗಿ ಕರೆಯಬೇಕು. ಅವರು ಬಾರದೆಯೂ ಇರಬಹುದು. ತಂದೆಯ ಮಾತು ಕೇಳಿ ಹಿರಿಯ ಮಗ ಒಳಗೆ ಬಂದನೋ ಇಲ್ಲವೋ ಎಂಬುದನ್ನು ಶುಭಸಂದೇಶವೂ ಹೇಳುವುದಿಲ್ಲ. ಕರೆಯುವುದು ನಮ್ಮ ಪಾಲಿನ ಕೆಲಸ. ಸೋದರನಿಗೆ ನಮ್ಮ ಮೇಲೆ ಮುನಿಸಿರುವುದು ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಅವನೊಡನೆ ಸಂಧಾನ ಮಾಡಿಕೊಳ್ಳಬೇಕೆಂದು ಯೇಸುಸ್ವಾಮಿ ಬೋಧಿಸಿದುದು ಸಮ್ಮಿಲನದ ಬಲಿಪೂಜೆಗೆ ಮೊದಲು ಪ್ರತಿ ಕುಟುಂಬವೂ ನೆನೆಯಬೇಕಾದ ಮಾತು.

ತೆನೆಯ ಕಾಳು

ಸೆಪ್ಟೆಂಬರ್ 8ರಂದು ನಾವು ಆಚರಿಸುವ ಮೊಂತಿ ಫೆಸ್ತ್ ಈ ವಿಚಾರಗಳನ್ನೆಲ್ಲ ಬಹು ಹಿಂದಿನಿಂದಲೇ ನಮಗೆ ಕಲಿಸುತ್ತ ಬಂದಿದೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಸೇವಿಸುತ್ತೇವೆ. ಅಂದು ಬರಲಾಗದವರಿಗೆ ತೆನೆಯ ಕೆಲವು ಕಾಳುಗಳನ್ನು ಲಕೋಟೆಯಲ್ಲಿರಿಸಿ ಅಂಚೆಯ ಮೂಲಕ ಕಳುಹಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಮೊಬೈಲಿನಲ್ಲಿ ಬಂದ ತೆನೆಯ ಚಿತ್ರವನ್ನು ನೋಡಬಹುದು. ಲಕೋಟೆಯಲ್ಲಿ ಬಂದ ಕಾಳನ್ನು ತಿನ್ನಬಹುದು. ಆ ಕಾಳು ಕೂಡ ದೂರದಲ್ಲಿರುವವನಿಗೆ ಹೇಳುವುದು ಒಂದೇ ಮಾತನ್ನು: ಪಂಕ್ತಿಯಲ್ಲಿ ನಿನ್ನ ಜಾಗ ಖಾಲಿಯಿದೆ, ಬಾ.

ಸಮ್ಮಿಲನ ಮುಗಿದ ಮರುದಿನ ಎಲ್ಲರೂ ತಮ್ಮ ತಮ್ಮ ಊರುಗಳಿಗೆ ಮರಳುತ್ತಾರೆ. ಗುಂಪು ಎಂದಿನಂತೆ ಮುಂದುವರಿಯುತ್ತದೆ. ಆದರೆ ಬರುವ ಪ್ರತಿ ಸಂದೇಶದ ಹಿಂದೆ ಈಗ ಒಂದು ಮುಖ, ಒಂದು ಧ್ವನಿ, ಒಂದು ಅಪ್ಪುಗೆಯ ನೆನಪು ಇರುತ್ತದೆ. ಕಾಯಿಲೆಯ ಸುದ್ದಿ ಬಂದರೆ ಚಿತ್ರ ಕಳುಹಿಸುವ ಕೈ ಈಗ ಫೋನ್ ಮಾಡುತ್ತದೆ.

ನಿಮ್ಮ ಬಳಗವು ಕೊನೆಯ ಬಾರಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡುದು ಯಾವಾಗ? ಅದು ಮರಣದ ಮನೆಯಲ್ಲಿ ಆಗಿದ್ದರೆ ಇಂದು ಸಂಜೆ ಜಪಸರ ಮುಗಿದ ಬಳಿಕ ಮನೆಯವರು ಹತ್ತು ನಿಮಿಷ ಕುಳಿತು ಒಂದು ದಿನಾಂಕವನ್ನು ಆರಿಸಿರಿ. ಅದನ್ನು ಗುಂಪಿಗೆ ತಿಳಿಸುವ ಮೊದಲು, ಮೊಬೈಲ್ ಇಲ್ಲದ ಹಿರಿಯರ ಮನೆಗೆ ಹೋಗಿ ತಿಳಿಸಿರಿ.